ಠಸ್ಸೆಯಿಲ್ಲದ ಒಡವೆಯ ಬೆನ್ನು

ಚಿನ್ನ, ಬೆಳ್ಳಿ, ರತ್ನಗಳ ಬದಲು ಹಿತ್ತಾಳೆ, ತವರ, ಸೀಸ, ಗಾಜು, ಪ್ಲಾಸ್ಟಿಕ್‌ಗಳಿಂದ ಮಾಡಿ, ಮೇಲೆ ತೆಳುವಾದ ಲೋಹದ ಲೇಪ ಕೊಟ್ಟು, ಉಡುಪಿಗೆ ಒಪ್ಪುವಂತೆ ತೊಡುವ ಆಭರಣಕ್ಕೆ ಯುರೋಪು ಮತ್ತು ಅಮೆರಿಕಗಳಲ್ಲಿ ಕಾಸ್ಟ್ಯೂಮ್ ಜ್ಯುವೆಲರಿ ಎಂಬ ಹೆಸರಿದೆ. ಕನ್ನಡ ನಾಡಿನ ಪೇಟೆಗಳಲ್ಲಿ ಗಿಲೀಟು ಒಡವೆ, ರೋಲ್ಡ್ ಗೋಲ್ಡ್ ಎಂದು ಕರೆಯುವ ಸರಕು ಇದಕ್ಕೆ ಹತ್ತಿರದ್ದು. ಇಂಥ ಹಳೆಯ ಒಡವೆಗಳನ್ನು ಕೂಡಿಡುವವರ ಮಾರುಕಟ್ಟೆಯಲ್ಲಿ, ಹಿಂಬದಿಯಲ್ಲಿ ತಯಾರಕರ ಹೆಸರಿನ ಠಸ್ಸೆ ಒತ್ತಿದ, ಸೂಜಿಯಿಂದ ಉಡುಪಿಗೆ ಸಿಕ್ಕಿಸುವ ಪದಕಕ್ಕೆ ಒಂದು ಬೆಲೆ, ಒತ್ತದ ಪದಕಕ್ಕೆ ಮತ್ತೊಂದು ಬೆಲೆ ಇರುವುದರಿಂದ, ಠಸ್ಸೆಯಿಲ್ಲದ್ದೆಲ್ಲ ಕಳಪೆಯೆಂಬ ಭಾವನೆ ಬೇರೂರಿದೆ. ಆದರೆ ಈ ಕಸುಬಿನ ಚರಿತ್ರೆಯನ್ನು ನೋಡಿದರೆ, ಠಸ್ಸೆ ಬಂದದ್ದು ಕುಶಲತೆಯಿಂದಲ್ಲ, ವ್ಯಾಪಾರದ ಕಟ್ಟಳೆ, ಜಾಹೀರಾತು ಮತ್ತು ಕಾನೂನುಗಳಿಂದ ಎಂಬುದು ತಿಳಿಯುತ್ತದೆ.

ಕೃತಕ ಹರಳಿನ ಮೆರವಣಿಗೆ ಹದಿನೆಂಟನೆಯ ಶತಮಾನದ ಪ್ಯಾರಿಸ್ಸಿನಲ್ಲಿ ರಂಗೇರಿತು. ಅಲ್ಲಿನ ಆಭರಣಕಾರ ಜಾರ್ಜ್ ಫ್ರೆಡರಿಕ್ ಸ್ಟ್ರಾಸ್ ಸೀಸದ ಅಂಶ ಹೆಚ್ಚಿರುವ ಗಾಜಿಗೆ ಪಟ್ಟೆ ಹೊಡೆದು, ಅದರ ಹಿಂದೆ ಬೇಗಡೆಯಿಟ್ಟು ವಜ್ರದ ಹೊಳಪು ತಂದನು. 1734ರಲ್ಲಿ ಅವನಿಗೆ ರಾಜನ ಆಭರಣಕಾರನೆಂಬ ಪದವಿಯೂ ಸಿಕ್ಕಿತು. ಯುರೋಪಿನ ಹಲವು ಭಾಷೆಗಳಲ್ಲಿ ಗಾಜಿನ ಹರಳಿಗೆ ಇಂದಿಗೂ ಅವನ ಹೆಸರೇ ನಿಂತಿದೆ. ಇಂಗ್ಲಿಷಿನ ರೈನ್‌ಸ್ಟೋನ್ ಎಂಬ ಮಾತು ಮಾತ್ರ ರೈನ್ ನದಿಯ ದಂಡೆಯಲ್ಲಿ ಆಯುತ್ತಿದ್ದ ಸ್ಫಟಿಕದ ಕಲ್ಲುಗಳಿಂದ ಬಂದದ್ದು.

ಅರಮನೆಯ ಈ ವಿದ್ಯೆ ಜನಸಾಮಾನ್ಯರ ಸರಕಾದದ್ದು ಬೊಹೀಮಿಯಾದಲ್ಲಿ, ಅಂದರೆ ಇಂದಿನ ಚೆಕ್ ಗಣರಾಜ್ಯದ ಉತ್ತರ ಭಾಗದ ಬೆಟ್ಟಗಳ ನಡುವೆ ಇರುವ, ಜರ್ಮನರು ಗಾಬ್ಲೋಂಜ್ ಎನ್ನುತ್ತಿದ್ದ ಯಾಬ್ಲೊನೆಟ್ಸ್ ಪಟ್ಟಣದಲ್ಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಪಟ್ಟಣವೂ ಸುತ್ತಲ ಹಳ್ಳಿಗಳೂ ಸೇರಿ ಒಂದೇ ಕಾರ್ಖಾನೆಯಂತಾದವು. ಒಂದು ಗುಡಿಸಲಿನಲ್ಲಿ ಗಾಜಿನ ಸರಳನ್ನು ಕಾಯಿಸಿ ಮೆತ್ತಗಾದೊಡನೆ ಇಕ್ಕಳದಂಥ ಅಚ್ಚಿನಲ್ಲಿ ಒತ್ತಿ ಹರಳು ತೆಗೆದರೆ, ಇನ್ನೊಂದು ಮನೆಯಲ್ಲಿ ಅದಕ್ಕೆ ಪಟ್ಟೆ ಹೊಡೆಯುತ್ತಿದ್ದರು, ಮತ್ತೊಂದು ಮನೆಯಲ್ಲಿ ಮಣಿ ಪೋಣಿಸುತ್ತಿದ್ದರು, ಮಗದೊಂದರಲ್ಲಿ ಹಿತ್ತಾಳೆಯ ತಗಡನ್ನು ಅಚ್ಚೊತ್ತಿ ಬೆಸುಗೆ ಹಾಕುತ್ತಿದ್ದರು. ಮಾದರಿಗಳ ಹಲಗೆ ಹಿಡಿದು ವಿದೇಶದ ಬೇಡಿಕೆ ತರುತ್ತಿದ್ದವನು ರಫ್ತುದಾರ. ಕೆಲಸವನ್ನು ಮನೆಗಳಿಗೆ ಹಂಚಿ, ಮುಗಿದ ಮಾಲನ್ನು ಕೂಡಿಸಿ ಕೊಡುತ್ತಿದ್ದವನು ನಡುವಣ ಸರಬರಾಜುಗಾರ. ಹತ್ತು ಕೈ ದಾಟಿ ಬಂದ ಒಂದು ಪದಕದ ಮೇಲೆ ಯಾರ ಹೆಸರನ್ನು ಒತ್ತಬೇಕೆಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ. ತಯಾರಕನ ವಿಳಾಸ ಗ್ರಾಹಕನಿಗೆ ತಿಳಿಯುವುದರಿಂದ ರಫ್ತುದಾರನಿಗೆ ಲಾಭವೂ ಇರಲಿಲ್ಲ.

ಈ ಊರಿಗೂ ಭಾರತಕ್ಕೂ ನೇರವಾದ ನಂಟಿತ್ತು. ಮೊದಲನೆಯ ಮಹಾಯುದ್ಧಕ್ಕೆ ಮುನ್ನ ಭಾರತದ ಪೇಟೆಗೆ ಹೊರನಾಡಿನಿಂದ ಬರುತ್ತಿದ್ದ ಗಾಜಿನ ಬಳೆಗಳಲ್ಲಿ ದೊಡ್ಡ ಪಾಲು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಈ ಸೀಮೆಯದು. ಯುದ್ಧ ಆ ದಾರಿಯನ್ನು ಮುಚ್ಚಿದ ಮೇಲೆ ಜಪಾನು ಮುಂದೆ ಬಂತು. ಬಳೆಗಾರನ ಮಲಾರದಲ್ಲಿರುವ ಬಳೆಗೆ ಠಸ್ಸೆಯಿಲ್ಲವೆಂದು ಯಾರೂ ಅದನ್ನು ಕಳಪೆಯೆನ್ನುವುದಿಲ್ಲ. ಬೊಹೀಮಿಯಾದ ಪದಕಕ್ಕೂ ಅದೇ ನ್ಯಾಯ ಸಲ್ಲಬೇಕು. ಎರಡನೆಯ ಮಹಾಯುದ್ಧದ ತರುವಾಯ ಅಲ್ಲಿನ ಜರ್ಮನ್ ಭಾಷಿಕರನ್ನು ಹೊರಹಾಕಿದಾಗ, ಅವರಲ್ಲಿ ಅನೇಕರು ಬವೇರಿಯಾದ ಕೌಫ್‌ಬೋಯರನ್ ಪಟ್ಟಣದ ಬಳಿ, ಹಾಳುಬಿದ್ದ ಸಿಡಿಮದ್ದಿನ ಕಾರ್ಖಾನೆಯ ನೆಲದಲ್ಲಿ ನೊಯ್‌ಗಾಬ್ಲೋಂಜ್ ಎಂಬ ಹೊಸ ಊರು ಕಟ್ಟಿ ಹಳೆಯ ಕಸುಬನ್ನು ಮುಂದುವರಿಸಿದರು. ಆದ್ದರಿಂದ ಒಂದೇ ಕೈಚಳಕದ ಒಡವೆ ಎರಡು ದೇಶಗಳಲ್ಲಿ ಹುಟ್ಟಿರಬಹುದು.

ಅಮೆರಿಕದಲ್ಲಿ ಈ ಕಸುಬಿನ ತವರು ರೋಡ್ ಐಲ್ಯಾಂಡ್ ರಾಜ್ಯದ ಪ್ರಾವಿಡೆನ್ಸ್. ಅಲ್ಲಿ ಒಡವೆ ಮಾಡುವವರ ಜೊತೆಗೆ, ಅಚ್ಚೊತ್ತಿದ ಎಲೆ, ಹೂವು, ಕೊಂಡಿ, ಸೂಜಿಗಳನ್ನು ಮಾತ್ರ ತಯಾರಿಸಿ ಎಲ್ಲರಿಗೂ ಮಾರುವ ಬಿಡಿಭಾಗದವರೂ ಇದ್ದುದರಿಂದ, ಒಂದೇ ಹಿತ್ತಾಳೆಯ ಎಲೆ ಹಲವು ಕಂಪನಿಗಳ ಪದಕಗಳಲ್ಲಿ ಕಾಣಿಸಿಕೊಳ್ಳುತ್ತದೆ. ಜೊತೆಗೆ, ಬೇರೆಯವರ ಹೆಸರಿನಲ್ಲಿ ಮಾರಾಟವಾಗುವ ಒಡವೆಯನ್ನು ಮಾಡಿಕೊಡುವುದೇ ಕೆಲವು ಕಾರ್ಖಾನೆಗಳ ಕೆಲಸವಾಗಿತ್ತು; ಅಂಥ ಒಡವೆಗೆ ಅಂಗಡಿಯ ಹೆಸರಿನ ಕಾಗದದ ಚೀಟಿಯೊಂದೇ ಗುರುತು, ತೊಟ್ಟ ದಿನವೇ ಅದು ಕಸದಬುಟ್ಟಿ ಸೇರುತ್ತಿತ್ತು. 1890ರ ಮೆಕಿನ್ಲಿ ಸುಂಕದ ಕಾಯಿದೆಯು ಆಮದು ಸರಕಿನ ಮೇಲೆ ಹುಟ್ಟಿದ ದೇಶದ ಹೆಸರಿರಬೇಕೆಂದು ವಿಧಿಸಿದರೂ, ಪುಟ್ಟ ಒಡವೆಗಳಲ್ಲಿ ಆ ಹೆಸರು ಹಲವೊಮ್ಮೆ ಒಡವೆ ಸಿಕ್ಕಿಸಿದ ರಟ್ಟಿನ ಮೇಲಷ್ಟೇ ಇರುತ್ತಿತ್ತು. ಠಸ್ಸೆಗೆ ನಿಜವಾದ ಬಲ ಬಂದದ್ದು 1955ರಲ್ಲಿ, ಟ್ರಿಫಾರಿ ಎಂಬ ಒಡವೆ ಕಂಪನಿಯು ಚಾರೆಲ್ ಎಂಬ ಇನ್ನೊಂದು ಕಂಪನಿಯ ಮೇಲೆ ಹೂಡಿದ ದಾವೆಯಲ್ಲಿ ನ್ಯೂಯಾರ್ಕಿನ ನ್ಯಾಯಾಲಯವು ಇಂಥ ಒಡವೆಯೂ ಕೃತಿಸ್ವಾಮ್ಯ ಪಡೆಯಬಲ್ಲ ಕಲಾಕೃತಿಯೆಂದು ತೀರ್ಪು ಕೊಟ್ಟಾಗ. ಹೆಸರಿನ ಪಕ್ಕದಲ್ಲಿ ಕೃತಿಸ್ವಾಮ್ಯದ ಚಿಹ್ನೆ ಒತ್ತುವುದು ಆ ಬಳಿಕ ಸಾಮಾನ್ಯವಾಯಿತು.

ಹೆಸರಿಲ್ಲದ ಒಡವೆಯನ್ನು ಓದುವ ಕೆಲಸ ಅದನ್ನು ಬೋರಲು ಹಾಕುವುದರಿಂದ ಮೊದಲಾಗುತ್ತದೆ. ಪದಕದ ಸೂಜಿಯನ್ನು ಹಿಡಿಯುವ ಕೊಂಡಿ ಬರಿಯ ಬಾಗಿದ ಕೊಕ್ಕೆಯಾಗಿದ್ದರೆ ಒಡವೆ ಹತ್ತೊಂಬತ್ತನೆಯ ಶತಮಾನದ್ದೋ ಇಪ್ಪತ್ತನೆಯದರ ಆರಂಭದ್ದೋ ಆಗಿರುವ ಸಂಭವ ಹೆಚ್ಚು. ಕೊಕ್ಕೆಯ ಬಾಯನ್ನು ಉರುಳಿ ಮುಚ್ಚುವ ಪುಟ್ಟ ಬೀಗವಿದ್ದರೆ ಅದು ತರುವಾಯದ್ದು. ಕೊಳವೆಯೊಳಗಿನ ಕೊಳವೆಯನ್ನು ಎಳೆದು ಬಿಡಿಸುವ, ಟ್ರೊಂಬೋನ್ ವಾದ್ಯದ ಹೆಸರು ಪಡೆದ ಕೊಂಡಿ ಯುರೋಪಿನ ಕೆಲಸದತ್ತ ಬೆರಳು ತೋರುತ್ತದೆ. ಕಿವಿ ಚುಚ್ಚಿಸಿಕೊಳ್ಳದ ಹೆಂಗಸರಿಗಾಗಿ ಮೊದಲು ಬಂದದ್ದು ತಿರುಪಿನ ಓಲೆ, 1930ರ ದಶಕದಲ್ಲಿ ಬಂದದ್ದು ಕ್ಲಿಪ್ಪಿನ ಓಲೆ. ಇಂಥ ಒಡವೆಗಳಿಗೆ ಬಳಸುತ್ತಿದ್ದ ಬಿಳಿಲೋಹವೆಂಬ ಮಿಶ್ರಲೋಹದ ಮುಖ್ಯ ಅಂಶವಾದ ತವರವು ಎರಡನೆಯ ಮಹಾಯುದ್ಧದಲ್ಲಿ ಸೇನೆಯ ಪಾಲಾದಾಗ ಅಮೆರಿಕದ ತಯಾರಕರು ಬೆಳ್ಳಿಯನ್ನೇ ಬಳಸಿ ಚಿನ್ನದ ಲೇಪ ಕೊಟ್ಟರು. ಬೊಹೀಮಿಯಾ ಮತ್ತು ಆಸ್ಟ್ರಿಯಾಗಳ ಹರಳೂ ನಿಂತುಹೋದ್ದರಿಂದ ಆ ವರ್ಷಗಳ ಪದಕಗಳಲ್ಲಿ ಲೋಹ ಹೆಚ್ಚು, ಹರಳು ಕಡಿಮೆ. ಗಾಜಿಗೆ ಲೋಹದ ಅತಿ ತೆಳುವಾದ ಪದರ ಕೊಟ್ಟು ಕಾಮನಬಿಲ್ಲಿನ ಬಣ್ಣ ತರಿಸಿದ ಅರೋರಾ ಬೊರಿಯಾಲಿಸ್ ಹರಳನ್ನು ಸ್ವರೋವ್ಸ್ಕಿ ಕಂಪನಿಯು 1950ರ ದಶಕದ ನಡುವಿನಲ್ಲಿ ಹೊರತಂದುದರಿಂದ, ಅದಿರುವ ಒಡವೆ ಅದಕ್ಕಿಂತ ಹಳೆಯದಾಗಲಾರದು. ಒಡವೆಯ ಕಾಲವನ್ನು ಹೇಳುವುದು ಅದರಲ್ಲಿರುವ ಅತ್ಯಂತ ಹೊಸ ಅಂಗ. ಆದರೆ ಆ ಅಂಗ ರಿಪೇರಿಯಲ್ಲಿ ಸೇರಿದ್ದೇ ಎಂಬುದನ್ನು ಬೆಸುಗೆಯ ಬಣ್ಣ ನೋಡಿ ಮೊದಲು ತಿಳಿಯಬೇಕು.

ಈ ಓದಿಗೆ ಒಳ್ಳೆಯ ನಿದರ್ಶನ ನ್ಯೂಯಾರ್ಕಿನ ಡಿಲಿಜ್ಜಾ ಮತ್ತು ಎಲ್ಸ್ಟರ್ ಕಂಪನಿಯದು. 1947ರಿಂದ 1990ರವರೆಗೆ ನಡೆದ ಈ ಕಾರ್ಖಾನೆ ಬಹುಪಾಲು ಬೇರೆಯವರಿಗಾಗಿ ಮಾಡುತ್ತಿದ್ದುದರಿಂದ ಒಡವೆಗೆ ಠಸ್ಸೆ ಒತ್ತಲಿಲ್ಲ. 1960ರ ದಶಕದಲ್ಲಿ ಸ್ವಲ್ಪ ಕಾಲ ಕಟ್ಟಿದ ಜೂಲಿಯಾನ ಎಂಬ ಕಾಗದದ ಚೀಟಿಯ ಹೆಸರೇ ಇಂದು ಆ ಒಡವೆಗಳಿಗೆಲ್ಲ ಅಂಟಿಕೊಂಡಿದೆ. ಅದರ ಕೈಕಡಗವೊಂದನ್ನು ತಿರುಗಿಸಿ ನೋಡಿದರೆ, ಐದು ಅಗಲವಾದ ಕೊಂಡಿಗಳು ಸಾಲಾಗಿರುತ್ತವೆ. ಅವುಗಳ ಬೆನ್ನಲ್ಲಿ ಬೆಸುಗೆ ಹರಿದು ಗಟ್ಟಿಯಾದ, ಇಂಗ್ಲಿಷಿನ ಎಂಟರ ಅಂಕಿಯನ್ನು ಹೋಲುವ ಕಲೆಗಳಿರುತ್ತವೆ. ಎರಡು ತುದಿ ಚೂಪಾದ ದೋಣಿಯಾಕಾರದ ಹರಳುಗಳು ಬೇಗಡೆಯಿಲ್ಲದೆ ತೆರೆದ ಬೆನ್ನಿನಿಂದ ಬೆಳಕನ್ನು ಹಾಯಗೊಡುತ್ತವೆ. ಅಂತಸ್ತಿನ ಮೇಲೆ ಅಂತಸ್ತು ಕಟ್ಟಿದ ಪದಕಗಳಲ್ಲಿ ಪದರಗಳನ್ನು ಹಿಡಿದಿರುವ ರಿವೆಟ್ಟಿನ ತಲೆಯೂ ಹಿಂದೆ ಕಾಣುತ್ತದೆ. ಇವುಗಳಲ್ಲಿ ಒಂದೇ ಗುರುತು ಸಾಕ್ಷಿಯಾಗಲಾರದು, ಹಲವು ಕೂಡಿದರೆ ಸಾಕ್ಷ್ಯಕ್ಕೆ ತೂಕ ಬರುತ್ತದೆ.

ಹೆಸರಾಂತವರೂ ಠಸ್ಸೆಯ ಗೊಡವೆಗೆ ಹೋಗದ ಕಾಲವಿತ್ತು. 1926ರಲ್ಲಿ ನ್ಯೂಯಾರ್ಕಿನಲ್ಲಿ ಅಂಗಡಿ ತೆರೆದ ಮಿರಿಯಮ್ ಹ್ಯಾಸ್ಕೆಲ್ ಅವರ ಸಂಸ್ಥೆಗಾಗಿ ಫ್ರಾಂಕ್ ಹೆಸ್ ರೂಪಿಸಿದ ಆರಂಭದ ಒಡವೆಗಳಲ್ಲಿ ಬಹುತೇಕ ಹೆಸರಿಲ್ಲದವು. ಆದರೆ ತೂತುಗಳ ಹಿತ್ತಾಳೆಯ ತಟ್ಟೆಗೆ, ಸಾಸಿವೆಯಷ್ಟು ಸಣ್ಣ ಮುತ್ತು ಮಣಿಗಳನ್ನು ಕೂದಲೆಳೆಯಂಥ ತಂತಿಯಿಂದ ಒಂದೊಂದಾಗಿ ಕೈಯಲ್ಲೇ ಹೆಣೆದು, ತಂತಿಯ ತುದಿಗಳನ್ನು ಮರೆಮಾಡಲು ಹಿಂದೆ ಇನ್ನೊಂದು ಕಸೂತಿಯಂಥ ತಟ್ಟೆ ಹೊದಿಸುವ ಆ ಕೆಲಸವನ್ನು ಪಳಗಿದ ಕಣ್ಣು ಗುರುತಿಸುತ್ತದೆ. ಕಾಣದ ಕಡೆಯನ್ನೂ ಒಪ್ಪಗೊಳಿಸಿದ ಈ ಶ್ರದ್ಧೆಯೇ ಠಸ್ಸೆಯಿಲ್ಲದ ಒಡವೆಯ ಗುಣವನ್ನು ಅಳೆಯುವ ಮೊದಲ ಮಾನದಂಡ: ಹರಳುಗಳನ್ನು ಅಂಟಿನಿಂದ ಕೂರಿಸಿದೆಯೋ ಲೋಹದ ಉಗುರುಗಳಿಂದ ಹಿಡಿಸಿದೆಯೋ, ಬಣ್ಣಗಳನ್ನು ಆಯ್ದು ಜೋಡಿಸಿದೆಯೋ, ತೂಕ ಉಡುಪನ್ನು ಜಗ್ಗದಂತೆ ಹಂಚಿಕೆಯಾಗಿದೆಯೋ ಎಂಬುವು ಹೆಸರನ್ನು ಕೇಳದ ಪ್ರಶ್ನೆಗಳು.

ಇಂಥ ಒಡವೆ ಕೈಗೆ ಬಂದವರು ಅದನ್ನು ನೀರಿನಲ್ಲಿ ಅದ್ದಿ ತೊಳೆಯಬಾರದು. ನೀರು ಹರಳಿನ ಹಿಂದೆ ಇಳಿದರೆ ಬೇಗಡೆ ಕಪ್ಪಾಗಿ ಹೊಳಪು ಮರಳಿ ಬಾರದಂತೆ ಹೋಗುತ್ತದೆ, ಹಿತ್ತಾಳೆಗೆ ಹಸಿರು ಕಿಲುಬು ಹಿಡಿಯುತ್ತದೆ. ಅದಕ್ಕಿಂತ ಮುಖ್ಯವಾಗಿ, ಹಳೆಯ ಡಬ್ಬಿಯಲ್ಲಿ ಒಡವೆಯ ಜೊತೆ ಮಾಸಿದ ರಟ್ಟೋ ದಾರ ಕಟ್ಟಿದ ಕಾಗದದ ಚೀಟಿಯೋ ಸಿಕ್ಕಿದರೆ ಅದನ್ನು ಎಸೆಯದೆ ಒಡವೆಯೊಂದಿಗೇ ಇಡಬೇಕು, ಏಕೆಂದರೆ ಠಸ್ಸೆ ಕಾಣದ ಆ ಕೈಗಳಿಗೆ ಉಳಿದಿರುವ ದಾಖಲೆ ಅದೊಂದೇ ಆಗಿರಬಹುದು.