ಬಣ್ಣದ ಕೆಳಗಿನ ಕೆಲಸ



ಹುಲಿಗೆಮ್ಮನ ಜಾತ್ರೆಗೆ ಬಂದವರು ತುಂಗಭದ್ರೆಯಲ್ಲಿ ಮಿಂದು, ಅಮ್ಮನ ದರ್ಶನ ಪಡೆದು, ಮಕ್ಕಳಿಗೊಂದು ಆಟಿಕೆ ಕೊಂಡು ಊರಿಗೆ ಮರಳುತ್ತಾರೆ. ಆ ಆಟಿಕೆ ಈಗ ಬಹುಮಟ್ಟಿಗೆ ಪ್ಲಾಸ್ಟಿಕ್ಕಿನದು. ಆದರೆ ಹುಲಿಗಿ ಇರುವ ಕೊಪ್ಪಳ ತಾಲ್ಲೂಕಿನಲ್ಲಿಯೇ ಕಿನ್ನಾಳವೆಂಬ ಊರಿದೆ. ಅಲ್ಲಿಯ ಚಿತ್ರಗಾರ ಮನೆತನಗಳು ತಲೆಮಾರುಗಳಿಂದ ಮರದಲ್ಲಿ ದೇವರನ್ನೂ ಗೊಂಬೆಯನ್ನೂ ಮಾಡುತ್ತ ಬಂದಿವೆ. ಕಿನ್ನಾಳದ ಬೊಂಬೆಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ. ನಾನು ಇಂದು ಬರೆಯಹೊರಟಿರುವುದು ಆ ಬಣ್ಣದ ಕೆಳಗೆ ಅಡಗಿರುವ ಕೆಲಸವನ್ನು ಕುರಿತು.

ಮೊದಲು ಚರಿತ್ರೆ. ವಿಜಯನಗರವು 1336ರಲ್ಲಿ ಸ್ಥಾಪನೆಯಾದ ಮೇಲೆ ಹೊಳೆಯ ಎರಡೂ ದಡಗಳಲ್ಲಿ ಶಿಲ್ಪಿಗಳಿಗೂ ಚಿತ್ರಗಾರರಿಗೂ ಕೈತುಂಬ ಕೆಲಸ ದೊರೆಯಿತು. ಹಂಪೆಯ ವಿರೂಪಾಕ್ಷ ದೇವಾಲಯದ ರಂಗಮಂಟಪದ ಒಳಮಾಳಿಗೆಯ ಚಿತ್ರಗಳನ್ನೂ ಅಲ್ಲಿಯ ಮರದ ರಥದ ಕುಸುರಿಯನ್ನೂ ಮಾಡಿದವರು ಕಿನ್ನಾಳದ ಚಿತ್ರಗಾರರ ಪೂರ್ವಿಕರೆಂಬ ಪ್ರತೀತಿಯಿದೆ. ಪ್ರತೀತಿಯು ಶಾಸನವಲ್ಲ, ನಿಜ. ಆದರೂ ಚಿತ್ರ ಬರೆಯುವ ಕೈಯೂ ಮರಕ್ಕೆ ಬಣ್ಣ ಹಚ್ಚುವ ಕೈಯೂ ಒಂದೇ ಎಂಬುದನ್ನು ಅದು ನೆನಪಿಸುತ್ತದೆ. 1565ರ ಯುದ್ಧದ ನಂತರ ರಾಜಧಾನಿ ಹಾಳಾಯಿತು. ಅರಮನೆಯ ಆಶ್ರಯ ತಪ್ಪಿದರೂ ಹಳ್ಳಿಗಳಲ್ಲಿ ಈ ಕೈಗಳಿಗೆ ಕೆಲಸ ತಪ್ಪಲಿಲ್ಲ. ದ್ಯಾಮವ್ವ, ದುರ್ಗವ್ವರ ಮರದ ಮೂರ್ತಿಗಳಿಗೆ ಜಾತ್ರೆಯ ಮುನ್ನ ಹೊಸ ಬಣ್ಣವಾಗಬೇಕು; ಪಲ್ಲಕ್ಕಿಗೆ, ತೊಟ್ಟಿಲಿಗೆ ಚಿತ್ರವಾಗಬೇಕು. ನಿಜಾಮರ ಆಳ್ವಿಕೆ ಕಳೆದು, 1956ರಲ್ಲಿ ಈ ಸೀಮೆ ಕನ್ನಡನಾಡಿಗೆ ಸೇರಿ, 1997ರಲ್ಲಿ ಕೊಪ್ಪಳವು ರಾಯಚೂರಿನಿಂದ ಬೇರ್ಪಟ್ಟು ಜಿಲ್ಲೆಯಾಗುವವರೆಗೂ ಈ ಕಸುಬು ಉಳಿದುಬಂದಿತು.

ಈಗ ಕೆಲಸದ ಕ್ರಮವನ್ನು ನೋಡೋಣ. ಬೊಂಬೆಗೆ ಹಗುರವಾದ ಮರವನ್ನು ಆರಿಸುತ್ತಾರೆ. ಗರುಡನಂತಹ ದೊಡ್ಡ ಮೂರ್ತಿಯನ್ನು ಹನ್ನೆರಡು ಬಿಡಿಭಾಗಗಳಲ್ಲಿ ಕೆತ್ತಿ, ಹುಣಸೆ ಬೀಜದ ಅಂಟಿನಿಂದ ಕೂಡಿಸುತ್ತಾರೆ. ಹಗುರವಾದ ಮರ ಕೆತ್ತಲು ಸುಲಭ, ಆದರೆ ಅದರ ಮೈ ಒರಟು. ಕೂಡಿಸಿದ ಕಡೆಯಲ್ಲಿ ಸಂದು ಬೇರೆ. ಬೇಸಿಗೆಯಲ್ಲಿ ಮರ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಬಣ್ಣವನ್ನು ನೇರವಾಗಿ ಹಚ್ಚಿದರೆ ವರ್ಷದೊಳಗೆ ಸಂದಿನ ಗುಂಟ ಬಿರುಕು ತೋರುತ್ತದೆ.

ಇದಕ್ಕೆ ಚಿತ್ರಗಾರರು ಕಂಡುಕೊಂಡ ಉಪಾಯವೇ ‘ಕಿಟ್ಟ’. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಗೈದು, ಮರದ ಹೊಟ್ಟು ಹಾಗೂ ಹುಣಸೆ ಬೀಜದ ಅಂಟಿನೊಡನೆ ಕಲಸಿದರೆ ಕಿಟ್ಟ ಸಿದ್ಧವಾಗುತ್ತದೆ. ಅದನ್ನು ಕೈಯಿಂದಲೇ ಮೂರ್ತಿಯ ಮೈಗೆಲ್ಲ ಬಳಿದು, ಅದರ ಮೇಲೆ ಹತ್ತಿಬಟ್ಟೆಯ ಚೂರುಗಳನ್ನು ಅದೇ ಅಂಟಿನಿಂದ ಹಚ್ಚುತ್ತಾರೆ. ಸಂದಿನ ಎರಡೂ ಬದಿಗಳನ್ನು ಬಟ್ಟೆ ಹಿಡಿದಿಡುತ್ತದೆ. ನಾರು ಬಿರುಕನ್ನು ತಡೆಯುತ್ತದೆ. ಬಟ್ಟೆಯ ಮೇಲೆ ಹರಳುಗಲ್ಲಿನ ನುಣುಪಾದ ಪುಡಿಯನ್ನು ಅಂಟಿನಲ್ಲಿ ಕಲಸಿ ಲೇಪಿಸುತ್ತಾರೆ. ಒಡವೆ, ಕಿರೀಟಗಳನ್ನು ಉಬ್ಬಿಸುವುದೂ ಇಂತಹ ಲೇಪದಿಂದಲೇ. ಬಂಗಾರದ ಹೊಳಪು ಬೇಕಾದಲ್ಲಿ ‘ಲಾಜವಾರ’ ಎಂಬ ವಿಧಾನವಿದೆ: ತವರದ ತೆಳುಹಾಳೆಯನ್ನು ಅಂಟಿನೊಡನೆ ಅರೆದು ಹಚ್ಚಿ, ಉಜ್ಜಿ ಬೆಳ್ಳಿಯಂತೆ ಬೆಳಗಿಸಿ, ಮೇಲೆ ಪಾರದರ್ಶಕವಾದ ಹಳದಿ ಲೇಪ ಕೊಟ್ಟರೆ ಅದು ಬಂಗಾರದಂತೆ ಕಾಣುತ್ತದೆ. ಕುಂಚ ಹಿಡಿದು ಬಣ್ಣ ತುಂಬುವುದು ಇಷ್ಟೆಲ್ಲ ಆದ ಮೇಲೆ.

ಇದು ಕೇವಲ ನಮ್ಮ ಸೀಮೆಯ ಸಂಪ್ರದಾಯವೆಂದು ತಿಳಿಯಬೇಡಿ. ಇಟಲಿಯ ಹಳೆಯ ಚಿತ್ರಕಾರರೂ ಮರದ ಹಲಗೆಗೆ ನಾರುಬಟ್ಟೆ ಅಂಟಿಸಿ, ಬಿಳಿಯ ಲೇಪ ಬಳಿದು, ಉಜ್ಜಿ ನುಣುಪು ಮಾಡಿ, ಆ ಮೇಲೆಯೇ ಚಿತ್ರ ಬರೆಯುತ್ತಿದ್ದರು. ನಮ್ಮದೇ ಚನ್ನಪಟ್ಟಣದ ಕ್ರಮ ಬೇರೆ: ಅಲ್ಲಿ ಆಲೆ ಮರವನ್ನು ಚರಕಿಗೆ ಸಿಕ್ಕಿಸಿ ತಿರುಗಿಸುತ್ತ, ಬಣ್ಣದ ಅರಗನ್ನು ಒತ್ತಿ ಹಿಡಿಯುತ್ತಾರೆ; ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಗರುಡನ ರೆಕ್ಕೆ ಚರಕಿಯ ಮೇಲೆ ತಿರುಗುವಂಥದಲ್ಲ. ಆದ್ದರಿಂದ ಕಿನ್ನಾಳಕ್ಕೆ ಕೈಯೇ ಗತಿ.

ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಮಕ್ಕಳಿಗಾಗಿ ನಿಂತು ಆಡುವ ವಿಡಿಯೊ ಆಟದ ಪೆಟ್ಟಿಗೆಯೊಂದನ್ನು ಎಂ.ಡಿ.ಎಫ್. ಹಲಗೆಯಿಂದ ತಾವೇ ಮಾಡಿದರು. ಹಲಗೆಯ ಅಂಚು ಬಣ್ಣವನ್ನೆಲ್ಲ ಹೀರಿ ಒರಟಾಗುತ್ತಿದೆಯೆಂದು ಪತ್ರ ಬರೆದಿದ್ದರು. ಅಂಚಿನ ನಾರು ಬಾಯಿ ತೆರೆದಿರುವುದರಿಂದ ಹಾಗಾಗುತ್ತದೆ. ಅದನ್ನು ಮೊದಲು ಪುಟ್ಟಿಯಿಂದ ಮುಚ್ಚಿ, ಒಣಗಿದ ಮೇಲೆ ಉಪ್ಪುಕಾಗದದಿಂದ ಉಜ್ಜಿ, ಪ್ರೈಮರ್ ಬಳಿದು, ಮತ್ತೆ ಉಜ್ಜಿ, ಬಣ್ಣವನ್ನು ತೆಳುವಾಗಿ ಎರಡು ಮೂರು ಸಲ ಹಚ್ಚಬೇಕು. ಕೈ ತಾಗುವ ಕಡೆ ಕೊನೆಗೆ ವಾರ್ನಿಷ್ ಕೊಡಬೇಕು. ಪುಟ್ಟಿಯ ಸ್ಥಾನದಲ್ಲಿ ಕಿಟ್ಟವನ್ನೂ ಪ್ರೈಮರಿನ ಸ್ಥಾನದಲ್ಲಿ ಕಲ್ಲಿನ ಲೇಪವನ್ನೂ ಇಟ್ಟು ನೋಡಿ, ಕಿನ್ನಾಳದ ಪಾಠವೇ ಅದು.

ಕಿನ್ನಾಳದ ಆಟಿಕೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಅಂದರೆ ಹೆಸರಿಗೆ ಕಾನೂನಿನ ರಕ್ಷಣೆಯಿದೆ. 2020ರಲ್ಲಿ ಇದೇ ಜಿಲ್ಲೆಯ ಭಾನಾಪುರದ ಬಳಿ 400 ಎಕರೆಯಲ್ಲಿ ಆಟಿಕೆ ಕ್ಲಸ್ಟರ್ ಸ್ಥಾಪಿಸುವುದಾಗಿ ಸರ್ಕಾರ ಪ್ರಕಟಿಸಿತು. ನಮ್ಮ ಮಕ್ಕಳಿಗೆ ಉದ್ಯೋಗ ದೊರೆಯಲಿ, ಸಂತೋಷವೇ. ಆದರೆ ಅಚ್ಚಿನಲ್ಲಿ ಎರಕ ಹೊಯ್ದ ಆಟಿಕೆಯ ಬೆಲೆಗೆ ಕೈಯ ಬೊಂಬೆ ಎಂದಿಗೂ ಇಳಿಯಲಾರದು. ಗಿರಾಕಿ ಅದೇ ಬೆಲೆಗೆ ಕೇಳುತ್ತ ಹೋದರೆ ಕುಶಲಿಗನು ಸಮಯ ಉಳಿಸಲೇಬೇಕಾಗುತ್ತದೆ. ಉಳಿಸಲು ಸುಲಭವಾದದ್ದು ಯಾವುದು? ಹೊರಗಣ್ಣಿಗೆ ಕಾಣದಿರುವ ಕಿಟ್ಟ, ಬಟ್ಟೆ, ಕಲ್ಲಿನ ಲೇಪ. ಅಂಗಡಿಯ ಬಣ್ಣ ಬಂದು ಬಹಳ ಕಾಲವಾಯಿತು. ಅದರಿಂದ ಕಸುಬು ಸಾಯಲಿಲ್ಲ. ಒಳಪದರ ಹೋದರೆ ಮಾತ್ರ ಉಳಿಯುವುದು ಹೆಸರೊಂದೇ. ಒಳಪದರವನ್ನು ಯಾವ ಪ್ರಮಾಣಪತ್ರವೂ ಕಾಯಲಾರದು. ಕೊಳ್ಳುವವನ ತಿಳಿವಳಿಕೆ ಕಾಯಬಲ್ಲದು.

ಆದ್ದರಿಂದ ಊರಿಗೆ ಬಂದಾಗ ಕಿನ್ನಾಳಕ್ಕೂ ಒಮ್ಮೆ ಹೋಗಿ ಬನ್ನಿ. ಬೊಂಬೆಯ ಬೆಲೆ ಕೇಳುವ ಮೊದಲು ಅದರ ಬಣ್ಣದ ಕೆಳಗೆ ಏನಿದೆಯೆಂದು ಕೇಳಿರಿ. ಹೇಳುವವರ ಮುಖದಲ್ಲಿ ಸಂತೋಷ ಕಂಡರೆ ಚೌಕಾಶಿ ಮಾಡಬೇಡಿರಿ.