ನಂದಿ ಬೆಟ್ಟದ ಪರಿಸರದಲ್ಲಿ ಓಟ ಮತ್ತು ನಡಿಗೆಯ ಮಾರ್ಗಗಳು

ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿ ಬೆಟ್ಟವು ಸಮುದ್ರ ಮಟ್ಟದಿಂದ 1478 ಮೀಟರ್ ಎತ್ತರದಲ್ಲಿದ್ದು, ಬೆಂಗಳೂರಿನಿಂದ ಸುಮಾರು 60 ಕಿ.ಮೀ. ದೂರದಲ್ಲಿದೆ. ಸಾರ್ವಜನಿಕರು ತಮ್ಮ ದೈಹಿಕ ಸಾಮರ್ಥ್ಯಕ್ಕೆ ಅನುಗುಣವಾಗಿ ಕೆಳಕಂಡ ಮಾರ್ಗಗಳನ್ನು ಆಯ್ಕೆ ಮಾಡಿಕೊಳ್ಳಬಹುದಾಗಿದೆ.

1. ಪ್ರಾರಂಭಿಕ ಹಂತ: ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯದಿಂದ ಸುಲ್ತಾನ್‌ಪೇಟೆಯ ಕಡೆಗಿನ ಗ್ರಾಮೀಣ ರಸ್ತೆ. ಬಹುಮಟ್ಟಿಗೆ ಸಮತಟ್ಟಾಗಿದ್ದು, ಬೆಟ್ಟದ ನೋಟ ಹಾಗೂ ದ್ರಾಕ್ಷಿ ತೋಟಗಳನ್ನು ಕಾಣಬಹುದು.

2. ಮಧ್ಯಮ ಹಂತ: ಸುಲ್ತಾನ್‌ಪೇಟೆಯಿಂದ ಬೆಟ್ಟಕ್ಕೆ ಏರುವ ಸುಮಾರು 1175 ಮೆಟ್ಟಿಲುಗಳ ಕಾಲುದಾರಿ. ದೂರ ಕಡಿಮೆಯಾದರೂ ಏರು ಕಡಿದಾಗಿರುವುದರಿಂದ ಓಡದೆ ನಡೆದೇ ಏರುವುದು ಸೂಕ್ತ.

3. ಉನ್ನತ ಹಂತ: ತಪ್ಪಲಿನಿಂದ ಶಿಖರದವರೆಗಿನ ತಿರುವುಗಳ ಡಾಂಬರು ರಸ್ತೆ, ಸುಮಾರು 7ರಿಂದ 8 ಕಿ.ಮೀ. ನಿಯಮಿತ ಅಭ್ಯಾಸವುಳ್ಳವರಿಗೆ ಮಾತ್ರ.

ಗಮನಿಸಬೇಕಾದ ಅಂಶಗಳು:

• ಓಡುವಾಗ ಒಂದು ಪೂರ್ಣ ವಾಕ್ಯ ಮಾತನಾಡಲು ಸಾಧ್ಯವಾಗದಿದ್ದಲ್ಲಿ ವೇಗವನ್ನು ತಗ್ಗಿಸತಕ್ಕದ್ದು. ಎದೆನೋವು ಅಥವಾ ತಲೆಸುತ್ತು ಕಂಡುಬಂದಲ್ಲಿ ಕೂಡಲೇ ನಿಂತು 108ಕ್ಕೆ ಕರೆ ಮಾಡುವುದು.

• ಇಳಿಯುವಾಗ ಮಂಡಿಗಳ ಮೇಲೆ ಹೆಚ್ಚಿನ ಭಾರ ಬೀಳುತ್ತದೆ. ಆದ್ದರಿಂದ ಶಕ್ತಿಯೆಲ್ಲವನ್ನೂ ಏರುವಾಗಲೇ ವ್ಯಯಿಸದೆ, ಇಳಿಯಲು ಉಳಿಸಿಕೊಳ್ಳುವುದು ಅವಶ್ಯಕ.

• ಮುಂಜಾನೆ ಮಂಜು ಕವಿದಿರುವಾಗ ವಾಹನ ಚಾಲಕರಿಗೆ ಕಾಣುವಂತಹ ತಿಳಿಬಣ್ಣದ ಉಡುಪು ಧರಿಸಿ, ರಸ್ತೆಯ ಬಲಬದಿಯಲ್ಲಿ ಎದುರು ಬರುವ ವಾಹನಗಳನ್ನು ಗಮನಿಸುತ್ತಾ ಸಾಗುವುದು. ಶನಿವಾರ ಮತ್ತು ಭಾನುವಾರ ವಾಹನ ದಟ್ಟಣೆ ಅಧಿಕ.

• 2021ರ ಆಗಸ್ಟ್‌ನಲ್ಲಿ ಭಾರಿ ಮಳೆಯಿಂದ ಭೂಕುಸಿತವಾಗಿ ಬೆಟ್ಟದ ರಸ್ತೆ ಕಡಿತಗೊಂಡಿತ್ತು. ಮಳೆಗಾಲದಲ್ಲಿ ಮಾರ್ಗ ತೆರೆದಿರುವ ಬಗ್ಗೆ ಮುಂಚಿತವಾಗಿ ಖಚಿತಪಡಿಸಿಕೊಂಡು ಹೊರಡುವುದು.