ಊರನ್ನು ಆರಿಸಿದವರು, ಊರನ್ನು ಕಟ್ಟಿದವರು
ತಂತ್ರಾಂಶದ ಹೊರಗುತ್ತಿಗೆ ಮತ್ತು ಪ್ರದೇಶದ ಆಯ್ಕೆಯನ್ನು ಕುರಿತು ಒಂದು ವಿಚಾರ

ವ್ಯಾಪಾರಿಯು ಪರದೇಶದ ಒಂದು ಪ್ರಾಂತವನ್ನು ಆರಿಸಿಕೊಳ್ಳುವುದಕ್ಕೆ ಬಹುಕಾಲದವರೆಗೆ ಅಲ್ಲಿನ ನೆಲವೇ ಕಾರಣವಾಗಿತ್ತು. ಮೆಣಸನ್ನು ಅರಸಿ ಹೊರಟ ಪೋರ್ಚುಗೀಸರು ಭಾರತದ ಪಶ್ಚಿಮ ಕರಾವಳಿಗೆ ಬರಲೇಬೇಕಾಗಿತ್ತು. ಚಿನ್ನವನ್ನು ಬಯಸಿದ ಜಾನ್ ಟೇಲರ್ ಕಂಪೆನಿಯವರಿಗೆ ೧೮೮೦ರಲ್ಲಿ ಕೋಲಾರದ ಗಣಿಯೇ ಬೇಕಾಗಿತ್ತು, ಪಕ್ಕದ ಜಿಲ್ಲೆಯಿಂದ ಪ್ರಯೋಜನವಿರಲಿಲ್ಲ. ಆದರೆ ಗಣಕಯಂತ್ರಕ್ಕೆ ಆದೇಶಗಳನ್ನು ಬರೆದುಕೊಡುವ ಕೆಲಸವು ಯಾವ ಮಣ್ಣಿನಲ್ಲಿಯೂ ಬೆಳೆಯುವಂಥದಲ್ಲ. ಅದಕ್ಕೆ ಮಳೆ ಬೇಡ, ಅದಿರು ಬೇಡ, ಬಂದರು ಕೂಡ ಬೇಡ. ಹಾಗಿರುವಾಗ ಅಮೆರಿಕೆಯ ದೊಡ್ಡ ಕಂಪೆನಿಗಳು ತಮ್ಮ ತಂತ್ರಾಂಶದ ಕೆಲಸವನ್ನು ಪರದೇಶಕ್ಕೆ ಒಪ್ಪಿಸಲು ತೊಡಗಿದಾಗ ಜಗತ್ತಿನ ಕೆಲವೇ ಪ್ರದೇಶಗಳನ್ನು ಆರಿಸಿಕೊಂಡುದೇಕೆ ಎಂಬ ಪ್ರಶ್ನೆಯು ಚರಿತ್ರೆಯ ವಿದ್ಯಾರ್ಥಿಯನ್ನು ಕಾಡುವುದು ಸಹಜ.

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಒಂದೇ: ಕೂಲಿ ಅಗ್ಗವಾಗಿತ್ತು, ಆದ್ದರಿಂದ ಬಂದರು. ಈ ಉತ್ತರ ಸುಳ್ಳಲ್ಲ, ಆದರೆ ಸಾಲದು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಭಾರತಕ್ಕಿಂತ ಕಡಮೆ ಕೂಲಿಯ ದೇಶಗಳು ಏಷ್ಯದಲ್ಲಿಯೂ ಆಫ್ರಿಕದಲ್ಲಿಯೂ ಇದ್ದುವು. ಅವುಗಳ ಕಡೆಗೆ ಈ ಕೆಲಸ ಹರಿಯಲಿಲ್ಲ. ಭಾರತದೊಳಗೂ ಅಗ್ಗದ ಊರುಗಳೆಲ್ಲ ಆಯ್ಕೆಗೆ ಒಳಗಾಗಲಿಲ್ಲ. ಅಗ್ಗತನವು ಗಿರಾಕಿಯನ್ನು ಬಾಗಿಲವರೆಗೆ ಕರೆತಂದಿತೆಂದು ಒಪ್ಪಬಹುದು. ಒಳಗೆ ಬಂದು ನೆಲೆಯೂರುವಂತೆ ಮಾಡಿದುದು ಬೇರೊಂದು.

ಮೊದಲು ಆಯ್ಕೆಯಾದ ಊರು ಬೆಂಗಳೂರಲ್ಲ, ಮುಂಬಯಿ ಎಂಬುದನ್ನು ಇಂದು ಅನೇಕರು ಮರೆತಿದ್ದಾರೆ. ೧೯೬೮ರಲ್ಲಿ ಸ್ಥಾಪಿತವಾದ ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಸಂಸ್ಥೆಯು ಎಫ್. ಸಿ. ಕೊಹ್ಲಿಯವರ ನೇತೃತ್ವದಲ್ಲಿ ೧೯೭೪ರ ಸುಮಾರಿಗೆ ಅಮೆರಿಕೆಯ ಬರೋಸ್ ಕಂಪೆನಿಗಾಗಿ ತಂತ್ರಾಂಶವನ್ನು ಸಿದ್ಧಪಡಿಸಿ ಕಳುಹಿಸತೊಡಗಿತು. ೧೯೭೩ರಲ್ಲಿ ಅಂಧೇರಿಯ ಬಳಿ ತೆರೆಯಲ್ಪಟ್ಟ ಸಾಂತಾಕ್ರೂಜ್ ಎಲೆಕ್ಟ್ರಾನಿಕ್ಸ್ ರಫ್ತು ವಲಯವು ಇಂಥ ಸಂಸ್ಥೆಗಳಿಗೆ ಆಶ್ರಯವಾಯಿತು. ಮುಂಬಯಿಗೆ ಈ ಪ್ರಾಶಸ್ತ್ಯ ದೊರೆತುದರಲ್ಲಿ ಆಶ್ಚರ್ಯವಿಲ್ಲ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯು ೧೯೬೦ರ ವೇಳೆಗೇ ಅಲ್ಲಿ ಸ್ವತಃ ಗಣಕಯಂತ್ರವೊಂದನ್ನು ಕಟ್ಟಿತ್ತು. ಪೊವಾಯಿಯ ತಂತ್ರಜ್ಞಾನ ಸಂಸ್ಥೆ ೧೯೫೮ರಿಂದ ನಡೆದಿತ್ತು. ದೊಡ್ಡ ಬ್ಯಾಂಕುಗಳ, ವಿಮೆಯ, ಜವಳಿ ಗಿರಣಿಗಳ ಮುಖ್ಯ ಕಚೇರಿಗಳೂ ರಿಸರ್ವ್ ಬ್ಯಾಂಕೂ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಒಂದೇ ನಗರದಲ್ಲಿದ್ದುವು.

ಈ ಕೊನೆಯ ಸಂಗತಿ ಮುಖ್ಯವಾದುದು. ಅಂದಿನ ವ್ಯವಹಾರದಲ್ಲಿ ಕೆಲಸವು ಎರಡು ರೀತಿಯಾಗಿ ಮಾತ್ರ ಪ್ರಯಾಣ ಮಾಡಬಹುದಾಗಿತ್ತು. ಕಾಂತೀಯ ಪಟ್ಟಿಯ ಸುರುಳಿಗಳಲ್ಲಿ ತುಂಬಿ ವಿಮಾನದಲ್ಲಿ ಕಳುಹಿಸುವುದು ಒಂದು. ಕೆಲಸಗಾರನನ್ನೇ ಗಿರಾಕಿಯ ಊರಿಗೆ ಕಳುಹಿಸುವುದು ಇನ್ನೊಂದು. ಎರಡನೆಯದೇ ಹೆಚ್ಚಾಗಿ ನಡೆಯಿತು. ಯಂತ್ರವನ್ನು ಆಮದು ಮಾಡಿಕೊಳ್ಳುವುದಕ್ಕೂ ವಿದೇಶಿ ವಿನಿಮಯದ ಅನುಮತಿ ಬೇಕು. ಆ ಅನುಮತಿಯು ರಫ್ತಿನಿಂದ ವಿನಿಮಯವನ್ನು ಗಳಿಸಿ ಕೊಡುವ ಕರಾರಿಗೆ ಒಳಪಟ್ಟಿತ್ತು. ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯು ೧೯೭೪ರ ಆರಂಭದಲ್ಲಿ ಜಾರಿಗೆ ಬಂದು, ಪರದೇಶದ ಕಂಪೆನಿಗಳ ಪಾಲು ಸಾಮಾನ್ಯವಾಗಿ ನೂರಕ್ಕೆ ೪೦ನ್ನು ಮೀರಬಾರದೆಂದು ವಿಧಿಸಿತು. ಅದಕ್ಕೆ ಒಪ್ಪದ ಐ.ಬಿ.ಎಂ. ಕಂಪೆನಿ ೧೯೭೮ರಲ್ಲಿ ಭಾರತವನ್ನು ಬಿಟ್ಟುಹೋಯಿತು. ಇಂಥ ಕಾಲದಲ್ಲಿ ಬಂದರಿಗೂ ಬ್ಯಾಂಕಿಗೂ ಸರ್ಕಾರದ ಕಚೇರಿಗೂ ಸಮೀಪವಿದ್ದ ನಗರಕ್ಕೆ ಅನುಕೂಲ ಹೆಚ್ಚು.

೧೯೮೫ರಲ್ಲಿ ಅಮೆರಿಕೆಯ ಟೆಕ್ಸಾಸ್ ಇನ್ಸ್‌ಟ್ರುಮೆಂಟ್ಸ್ ಕಂಪೆನಿಯು ಬೆಂಗಳೂರಿನಲ್ಲಿ ತನ್ನ ತಂತ್ರಾಂಶ ವಿನ್ಯಾಸ ಕೇಂದ್ರವನ್ನು ತೆರೆದಾಗ ಈ ಲೆಕ್ಕಾಚಾರ ಬದಲಾಯಿತು. ಅದು ಕೆಲಸವನ್ನು ಕಳುಹಿಸಲು ಆಶ್ರಯಿಸಿದುದು ವಿಮಾನವನ್ನಲ್ಲ, ಉಪಗ್ರಹದ ಸಂಪರ್ಕವನ್ನು. ಅದರ ಉಪಕರಣಗಳಲ್ಲಿ ಕೆಲವು ಎತ್ತಿನ ಗಾಡಿಯ ಮೇಲೆ ಕಟ್ಟಡವನ್ನು ತಲುಪಿದ ಪ್ರಸಂಗವು ಬೆಂಗಳೂರಿಗರ ನೆನಪಿನಲ್ಲಿ ಉಳಿದಿದೆ. ಆಕಾಶಮಾರ್ಗವಾಗಿ ಕೆಲಸ ಸಾಗತೊಡಗಿದ ಮೇಲೆ ಸಮುದ್ರತೀರದ ನಗರಕ್ಕಿದ್ದ ಪ್ರಾಶಸ್ತ್ಯ ಕುಗ್ಗಿತು. ಒಳನಾಡಿನ ಪ್ರಸ್ಥಭೂಮಿಯ ನಗರವೂ ಅಮೆರಿಕೆಗೆ ಅಷ್ಟೇ ಹತ್ತಿರವಾಯಿತು. ಎರಡು ದೇಶಗಳ ಗಡಿಯಾರಗಳ ಅಂತರವೂ ಸಹಾಯಕವಾಯಿತು: ಅಲ್ಲಿ ಸಂಜೆ ನಿಲ್ಲಿಸಿದ ಕೆಲಸವನ್ನು ಇಲ್ಲಿ ಬೆಳಿಗ್ಗೆ ಮುಂದುವರಿಸಬಹುದಾಗಿತ್ತು. ೧೯೮೧ರಲ್ಲಿ ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ ಸಂಸ್ಥೆ ೧೯೮೩ರಲ್ಲಿಯೇ ಬೆಂಗಳೂರಿಗೆ ಬಂದಿತ್ತು. ಹ್ಯೂಲೆಟ್ ಪ್ಯಾಕರ್ಡ್, ಮೋಟೊರೋಲಾ ಮೊದಲಾದ ಅಮೆರಿಕೆಯ ಕಂಪೆನಿಗಳು ಆ ದಶಕದ ಕೊನೆಗೂ ಮುಂದಿನ ದಶಕದ ಮೊದಲಿಗೂ ಅದೇ ನಗರವನ್ನು ಸೇರಿದುವು.

ಉಪಗ್ರಹದ ಸಂಪರ್ಕವು ಯಾವ ಊರಿಗಾದರೂ ಸಾಧ್ಯವಿದ್ದಾಗ ಬೆಂಗಳೂರೇ ಏಕೆ? ಹಿತವಾದ ಹವೆಯನ್ನು ಕಾರಣವಾಗಿ ಹೇಳುವವರುಂಟು. ಹವೆ ನೂರು ವರ್ಷಗಳ ಹಿಂದೆಯೂ ಹಿತವಾಗಿಯೇ ಇತ್ತು. ನಿಜವಾದ ಉತ್ತರವನ್ನು ಹಳೆಯ ಮೈಸೂರು ಸಂಸ್ಥಾನದ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ಜಮಶೇಟಜಿ ಟಾಟಾ ಅವರು ಸಂಕಲ್ಪಿಸಿದ ವಿಜ್ಞಾನ ಮಂದಿರಕ್ಕೆ ಮೈಸೂರು ಸರ್ಕಾರವು ೩೭೧ ಎಕರೆ ನೆಲವನ್ನು ಕೊಟ್ಟಿತು. ೧೯೦೯ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪಿತವಾಯಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ೧೯೧೭ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. ೧೯೪೦ರಲ್ಲಿ ವಾಲಚಂದ ಹೀರಾಚಂದರ ವಿಮಾನ ಕಾರ್ಖಾನೆಗೆ ಸಂಸ್ಥಾನವು ಬಂಡವಾಳದ ಪಾಲುದಾರನಾಯಿತು. ಸ್ವಾತಂತ್ರ್ಯಾನಂತರ ಕೇಂದ್ರ ಸರ್ಕಾರವು ೧೯೪೮ರಲ್ಲಿ ದೂರವಾಣಿ ಕಾರ್ಖಾನೆಯನ್ನೂ, ೧೯೫೩ರಲ್ಲಿ ಎಚ್.ಎಂ.ಟಿ.ಯನ್ನೂ, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸನ್ನೂ ಅಲ್ಲಿ ಸ್ಥಾಪಿಸಿತು. ಖಾಸಗಿ ಪ್ರಯತ್ನಗಳೂ ಹಿಂದೆ ಬೀಳಲಿಲ್ಲ. ೧೯೪೬ರಲ್ಲಿ ಬೆಂಗಳೂರಿನ ಬಿ.ಎಂ.ಎಸ್. ಕಾಲೇಜು, ೧೯೪೭ರಲ್ಲಿ ಹುಬ್ಬಳ್ಳಿಯ ಭೂಮರಡ್ಡಿ ಕಾಲೇಜು ಸರ್ಕಾರೇತರ ಎಂಜಿನಿಯರಿಂಗ್ ಶಿಕ್ಷಣಕ್ಕೆ ದಾರಿ ಮಾಡಿದುವು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ನಿಗಮವು ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಹೊಸೂರು ರಸ್ತೆಯ ಬದಿಯಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ರೂಪಿಸಿತು.

ಇವುಗಳಲ್ಲಿ ಒಂದಾದರೂ ಅಮೆರಿಕೆಯ ತಂತ್ರಾಂಶ ಗುತ್ತಿಗೆಯನ್ನು ಮನಸ್ಸಿನಲ್ಲಿಟ್ಟು ಕಟ್ಟಿದುದಲ್ಲ. ಮೈಸೂರು ಸಂಸ್ಥಾನವು ತನ್ನ ಅಣೆಕಟ್ಟು, ವಿದ್ಯುತ್ತು, ಕಾರ್ಖಾನೆಗಳಿಗಾಗಿ ಎಂಜಿನಿಯರುಗಳನ್ನು ತಯಾರು ಮಾಡಿತು. ಭಾರತ ಸರ್ಕಾರವು ತನ್ನ ರಕ್ಷಣೆಗಾಗಿ, ದೂರವಾಣಿಗಾಗಿ ಅವರನ್ನು ಬೆಳೆಸಿತು. ಗುತ್ತಿಗೆ ಕೊಡುವವನು ಬಂದಾಗ ಅವನ ಕಣ್ಣಿಗೆ ಬಿದ್ದುದು ಮೂರು ತಲೆಮಾರುಗಳ ಸಿದ್ಧಬೆಳೆ. ಅವನು ಕೂಲಿಯನ್ನು ಕೊಟ್ಟನು. ಬಿತ್ತನೆಯ ವೆಚ್ಚವನ್ನು ಅದಾಗಲೇ ಬೇರೆಯವರು ಕೊಟ್ಟಿದ್ದರು.

ಕಾನೂನಿನ ಪಾತ್ರವನ್ನು ಅಲ್ಲಗಳೆಯುವಂತಿಲ್ಲ. ೧೯೮೪ರ ನವೆಂಬರಿನ ಗಣಕಯಂತ್ರ ನೀತಿ, ೧೯೮೬ರ ತಂತ್ರಾಂಶ ನೀತಿ ಆಮದಿನ ಬಿಗಿಯನ್ನು ಸಡಿಲಿಸಿದುವು. ೧೯೯೦ರಲ್ಲಿ ಬೆಂಗಳೂರು, ಪುಣೆ, ಭುವನೇಶ್ವರಗಳಲ್ಲಿ ತೆರೆದ ತಂತ್ರಾಂಶ ಪಾರ್ಕುಗಳು ಉಪಗ್ರಹ ಸಂಪರ್ಕವನ್ನು ಸಣ್ಣ ಸಂಸ್ಥೆಗಳಿಗೂ ಒದಗಿಸಿದುವು. ಬ್ಯಾಂಕುಗಳ ದೃಷ್ಟಿಯಿಂದ ಇದೊಂದು ವಿಚಿತ್ರ ರಫ್ತಾಗಿತ್ತು. ಹಡಗಿನ ರಸೀದಿಯಿಲ್ಲ, ಸುಂಕದ ಕಟ್ಟೆಯಲ್ಲಿ ಮುದ್ರೆಯಿಲ್ಲ, ತೂಗಿ ನೋಡುವ ಸರಕಿಲ್ಲ. ತಂತಿಯ ಮೇಲೆ ಹೋದ ಸರಕಿನ ಬೆಲೆಯನ್ನು ಘೋಷಿಸಲು ಸಾಫ್ಟೆಕ್ಸ್ ಎಂಬ ಪ್ರತ್ಯೇಕ ನಮೂನೆಯನ್ನೇ ರಿಸರ್ವ್ ಬ್ಯಾಂಕು ಏರ್ಪಡಿಸಬೇಕಾಯಿತು. ಆದಾಯ ತೆರಿಗೆಯ ವಿನಾಯಿತಿಯೂ ದೀರ್ಘಕಾಲ ನಡೆಯಿತು. ಆದರೆ ಪಾರ್ಕುಗಳ ಆ ವಿನಾಯಿತಿ ೨೦೧೧ರ ಮಾರ್ಚಿಗೆ ಮುಗಿಯಿತು. ೨೦೦೫ರ ವಿಶೇಷ ಆರ್ಥಿಕ ವಲಯ ಕಾಯಿದೆಯ ಆಶ್ರಯಕ್ಕೆ ಕೆಲವರು ಹೋದರೂ ೨೦೨೧ರ ವೇಳೆಗೆ ಹೊಸ ಘಟಕಗಳಿಗೆ ಅದರ ತೆರಿಗೆ ರಿಯಾಯಿತಿಯೂ ನಿಂತಿತು. ಆದರೂ ಕೆಲಸ ಹಿಂದಿರುಗಲಿಲ್ಲ. ಪರದೇಶದ ಕಂಪೆನಿಗಳು ಭಾರತದಲ್ಲಿ ನಡೆಸುವ ಸ್ವಂತ ಕೇಂದ್ರಗಳ ಅತಿ ದೊಡ್ಡ ಪಾಲು ಇಂದಿಗೂ ಬೆಂಗಳೂರಿನಲ್ಲಿದೆ. ತೆರಿಗೆಯ ಆಮಿಷವು ಆಯ್ಕೆಯನ್ನು ಬೇಗ ಮಾಡಿಸಬಲ್ಲದು, ಅದೊಂದೇ ಅದನ್ನು ಉಳಿಸಲಾರದು ಎಂದು ಇದರಿಂದ ತಿಳಿಯುತ್ತದೆ.

ಇದೇ ಕಾಲದಲ್ಲಿ ಆಯ್ಕೆಯಾದ ಇತರ ಪ್ರದೇಶಗಳೊಡನೆ ಹೋಲಿಸಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಐರ್ಲೆಂಡು ೧೯೭೩ರಲ್ಲಿ ಯೂರೋಪಿನ ಆರ್ಥಿಕ ಸಮುದಾಯವನ್ನು ಸೇರಿತು. ೧೯೮೧ರಿಂದ ಉತ್ಪಾದಕ ಕಂಪೆನಿಗಳಿಗೆ ನೂರಕ್ಕೆ ೧೦ರ ತೆರಿಗೆಯನ್ನು ಗೊತ್ತುಮಾಡಿತು. ೧೯೮೫ರಲ್ಲಿ, ಟೆಕ್ಸಾಸ್ ಕಂಪೆನಿ ಬೆಂಗಳೂರಿಗೆ ಬಂದ ವರ್ಷವೇ, ಮೈಕ್ರೋಸಾಫ್ಟ್ ಕಂಪೆನಿ ಡಬ್ಲಿನ್ನಿನಲ್ಲಿ ನೆಲೆಸಿತು. ತಂತ್ರಾಂಶವನ್ನು ಯೂರೋಪಿನ ಭಾಷೆಗಳಿಗೆ ಅಳವಡಿಸಿ ಹಂಚುವುದು ಅಲ್ಲಿನ ಮುಖ್ಯ ಕೆಲಸವಾಯಿತು. ಐರ್ಲೆಂಡು ಕೊಟ್ಟುದು ಮಾರುಕಟ್ಟೆಯ ಬಾಗಿಲನ್ನು, ತೆರಿಗೆಯ ರಿಯಾಯಿತಿಯನ್ನು ಮತ್ತು ಇಂಗ್ಲಿಷನ್ನು.

ಹೈಫಾದ ಕತೆ ಬೇರೆ. ೧೯೭೪ರಲ್ಲಿಯೇ ಇಂಟೆಲ್ ಕಂಪೆನಿ ತನ್ನ ವಿನ್ಯಾಸ ಕೇಂದ್ರವನ್ನು ಇಸ್ರೇಲಿನ ಆ ನಗರದಲ್ಲಿ ತೆರೆಯಿತು. ಅದು ತಂತ್ರಾಂಶದ ಗುತ್ತಿಗೆಯಲ್ಲ, ಯಂತ್ರದ ಹೃದಯದಂತಿರುವ ಬಿಲ್ಲೆಯ ವಿನ್ಯಾಸ. ಆದರೆ ಆಯ್ಕೆಯ ಸಮಸ್ಯೆ ಅದೇ. ಕಂಪೆನಿಯಲ್ಲಿ ದುಡಿಯುತ್ತಿದ್ದ ಇಸ್ರೇಲಿನ ಎಂಜಿನಿಯರ್ ಡೋವ್ ಫ್ರೋಮನ್ ಅವರ ಒತ್ತಾಯವೂ, ಊರಿನಲ್ಲಿದ್ದ ಟೆಕ್ನಿಯನ್ ಎಂಬ ತಾಂತ್ರಿಕ ವಿದ್ಯಾಪೀಠವೂ ಇದಕ್ಕೆ ಕಾರಣ. ಈ ವಿದ್ಯಾಪೀಠದ ಹಿಂದೆ ಕನ್ನಡಿಗರು ಗಮನಿಸತಕ್ಕ ಒಂದು ಚರಿತ್ರೆಯುಂಟು. ೧೯೧೩ರಲ್ಲಿ, ಇನ್ನೂ ಪಾಠ ಆರಂಭವಾಗುವ ಮೊದಲೇ, ಬೋಧನೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ಉಗ್ರವಾದ ವಿವಾದವೆದ್ದಿತು. ಹಣ ಒದಗಿಸಿದ್ದ ಜರ್ಮನಿಯ ಯೆಹೂದಿ ಸಂಘದವರು ವಿಜ್ಞಾನಕ್ಕೆ ಜರ್ಮನ್ ಭಾಷೆಯೇ ತಕ್ಕುದೆಂದರು. ಆಗತಾನೆ ಮತ್ತೆ ಆಡುನುಡಿಯಾಗುತ್ತಿದ್ದ ಹೀಬ್ರೂ ಭಾಷೆಯಲ್ಲಿ ತಾಂತ್ರಿಕ ಪದಗಳೇ ಇರಲಿಲ್ಲ. ಆದರೂ ಶಿಕ್ಷಕರೂ ವಿದ್ಯಾರ್ಥಿಗಳೂ ಶಾಲೆಗಳನ್ನು ಬಹಿಷ್ಕರಿಸಿ ಹೀಬ್ರೂವಿಗಾಗಿ ಪಟ್ಟುಹಿಡಿದರು. ೧೯೨೪ರಲ್ಲಿ ಟೆಕ್ನಿಯನ್ ತೆರೆದಾಗ ಬೋಧನೆ ಹೀಬ್ರೂವಿನಲ್ಲಿಯೇ ನಡೆಯಿತು. ಐವತ್ತು ವರ್ಷಗಳ ತರುವಾಯ ಕ್ಯಾಲಿಫೋರ್ನಿಯದ ಕಂಪೆನಿಯೊಂದು ಹೈಫಾವನ್ನು ಆರಿಸಿಕೊಂಡಾಗ ಆ ನಿರ್ಧಾರ ಅಡ್ಡಬರಲಿಲ್ಲ.

ಚೀನದ ದಾಲಿಯನ್ ನಗರವು ೧೯೦೫ರಿಂದ ೧೯೪೫ರವರೆಗೆ ಜಪಾನಿನ ಆಡಳಿತಕ್ಕೆ ಒಳಪಟ್ಟಿತ್ತು. ೧೯೯೮ರಲ್ಲಿ ಅಲ್ಲಿ ತಂತ್ರಾಂಶ ಪಾರ್ಕು ಆರಂಭವಾದ ಮೇಲೆ ಜಪಾನೀ ಕಂಪೆನಿಗಳ ಕೆಲಸ ಆ ನಗರಕ್ಕೆ ಹರಿದು ಬಂದಿತು. ಜಪಾನೀ ಭಾಷೆ ಬಲ್ಲವರು ಅಲ್ಲಿ ಹೇರಳವಾಗಿ ದೊರೆಯುತ್ತಿದ್ದುದು ಇದಕ್ಕೆ ಮುಖ್ಯ ಕಾರಣ. ಇಲ್ಲಿ ಗಿರಾಕಿಯ ಭಾಷೆಯೇ ಪ್ರದೇಶವನ್ನು ಆರಿಸಿತು.

ಡಬ್ಲಿನ್ ಮತ್ತು ದಾಲಿಯನ್ ಗಿರಾಕಿಯ ಭಾಷೆಯಿಂದ ಲಾಭ ಪಡೆದುವು. ಹೈಫಾ ತನ್ನ ಭಾಷೆಯಲ್ಲಿ ವಿದ್ಯೆಯನ್ನು ಕಟ್ಟಿಕೊಂಡು, ಗಿರಾಕಿಯ ಭಾಷೆಯನ್ನು ಅದರ ಮೇಲೆ ಕಲಿತುಕೊಂಡಿತು. ಬೆಂಗಳೂರು ಯಾವ ಸಾಲಿಗೆ ಸೇರಬೇಕು? ಟೆಕ್ನಿಯನ್ನಿನ ವಿವಾದ ನಡೆದ ದಶಕದಲ್ಲಿಯೇ ಬೆಂಗಳೂರಿನಲ್ಲಿ ೧೯೧೫ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, ೧೯೧೭ರಲ್ಲಿ ಎಂಜಿನಿಯರಿಂಗ್ ಕಾಲೇಜು ಹುಟ್ಟಿದುವು. ೧೯೧೮ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೇ ಮೊದಲಾದವರ ಶ್ರಮದಿಂದ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆ ಹೊರಟಿತು, ಅದು ಹೆಚ್ಚು ಕಾಲ ಬಾಳಲಿಲ್ಲ. ಭಾಷೆಯ ಅಭಿಮಾನವೂ ಯಂತ್ರವಿದ್ಯೆಯ ಉತ್ಸಾಹವೂ ಒಂದೇ ಊರಿನಲ್ಲಿ, ಒಂದೇ ಕಾಲದಲ್ಲಿ, ಅನೇಕ ವೇಳೆ ಒಂದೇ ದಿವಾನರ ಪ್ರೋತ್ಸಾಹದಲ್ಲಿ ಬೆಳೆದುವು. ಆದರೆ ಅವು ಬೇರೆ ಬೇರೆ ಬೀದಿಗಳಲ್ಲಿ ನಡೆದುವು. ಕಾಲೇಜಿನ ಒಳಗೆ ಕನ್ನಡ ಹೋಗಲಿಲ್ಲ, ಪರಿಷತ್ತಿನ ಒಳಗೆ ಯಂತ್ರವಿದ್ಯೆ ಬೇರೂರಲಿಲ್ಲ. ಅಮೆರಿಕೆಯ ಕಂಪೆನಿಗಳು ಬಂದಾಗ ಅವು ಒಂದು ಬೀದಿಯನ್ನು ಮಾತ್ರ ಕಂಡುದು ಅವುಗಳ ತಪ್ಪಲ್ಲ.

ಕನ್ನಡಿಗರ ಉದ್ಯೋಗದ ಪ್ರಶ್ನೆಯನ್ನು ಪರಿಶೀಲಿಸಿದ ಸರೋಜಿನಿ ಮಹಿಷಿ ಸಮಿತಿಯ ಅಂತಿಮ ವರದಿ ೧೯೮೬ರಲ್ಲಿ, ಈ ಹೊಸ ಆಯ್ಕೆ ಆರಂಭವಾದ ಮರುವರ್ಷ, ಸಲ್ಲಿಕೆಯಾಯಿತೆಂಬುದು ನೆನೆಯತಕ್ಕ ಸಂಗತಿ. ೨೦೨೪ರ ಜುಲೈಯಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ ಮಸೂದೆಗೆ ರಾಜ್ಯದ ಸಚಿವ ಸಂಪುಟ ಒಪ್ಪಿ, ಕೆಲವೇ ದಿನಗಳಲ್ಲಿ ಅದನ್ನು ತಡೆಹಿಡಿಯಿತು. ಉದ್ಯೋಗದ ನ್ಯಾಯವಾದ ಪಾಲನ್ನು ಕೇಳುವುದು ತಪ್ಪಲ್ಲ. ಆದರೆ ಅದು ಆಯ್ಕೆ ಮುಗಿದ ಮೇಲೆ ಕೇಳುವ ಪ್ರಶ್ನೆ. ಆಯ್ಕೆಗೆ ಮುಂಚಿನ ಪ್ರಶ್ನೆ, ಗ್ರಾಮದ ಕನ್ನಡ ಶಾಲೆಯಿಂದ ಹೊರಟ ವಿದ್ಯಾರ್ಥಿಯು ತಾಂತ್ರಿಕ ವಿದ್ಯೆಯ ಹೊಸ್ತಿಲಲ್ಲಿ ಭಾಷೆಯ ಕಾರಣದಿಂದ ಎಡವದಂತೆ ಮಾಡುವುದು ಹೇಗೆಂಬುದು. ೨೦೨೧ರಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು ಕನ್ನಡವೂ ಸೇರಿದಂತೆ ದೇಶಭಾಷೆಗಳಲ್ಲಿ ಎಂಜಿನಿಯರಿಂಗ್ ಬೋಧಿಸಲು ಅನುಮತಿ ನೀಡಿತು. ಅನುಮತಿಯಿಂದ ಪಠ್ಯಪುಸ್ತಕವೂ ಹುಟ್ಟುವುದಿಲ್ಲ, ಅಧ್ಯಾಪಕನೂ ಹುಟ್ಟುವುದಿಲ್ಲ.

ಹೀಬ್ರೂವಿನ ಉದಾಹರಣೆ ಕನ್ನಡಕ್ಕೆ ಪೂರ್ತಿ ಹೊಂದುವುದಿಲ್ಲವೆಂಬ ಆಕ್ಷೇಪಣೆ ಬರಬಹುದು. ಅದು ನ್ಯಾಯವೇ. ಆ ಭಾಷೆಗೆ ೧೯೪೮ರಿಂದ ಸ್ವಂತ ರಾಷ್ಟ್ರವಿದೆ. ಹೈಫಾದ ಎಂಜಿನಿಯರನೂ ಇಂಗ್ಲಿಷನ್ನು ಕಲಿಯದೆ ಅಮೆರಿಕೆಯ ಕಂಪೆನಿಯಲ್ಲಿ ದುಡಿಯಲಾರ. ಆದರೆ ಒಂದು ಮಾತಂತೂ ಸಿದ್ಧವಾಗುತ್ತದೆ: ನಾಡಿನ ಭಾಷೆಯಲ್ಲಿ ವಿದ್ಯೆ ಕಲಿಸಿದ ಮಾತ್ರಕ್ಕೆ ಪರದೇಶದ ವ್ಯಾಪಾರಿ ಆ ನಾಡನ್ನು ಬಿಟ್ಟು ಬೇರೆಡೆಗೆ ಹೋಗುವುದಿಲ್ಲ. ಅವನು ನೋಡುವುದು ವಿದ್ಯೆಯ ಆಳವನ್ನು.

ವ್ಯಾಪಾರಿಯ ಆಯ್ಕೆ ಶಾಶ್ವತವಲ್ಲ. ಮುಂಬಯಿಗೆ ದೊರೆತ ಮೊದಲ ಸ್ಥಾನ ಹತ್ತೇ ವರ್ಷಗಳಲ್ಲಿ ಹಂಚಿಹೋದುದು ಇದಕ್ಕೆ ಸಾಕ್ಷಿ. ಮುಂದಿನ ಲೆಕ್ಕಾಚಾರದಲ್ಲಿ ಯಾವ ಊರು ಗೆಲ್ಲುವುದೆಂದು ಊಹಿಸುವುದು ಚರಿತ್ರೆಯ ಕೆಲಸವಲ್ಲ. ಆದರೆ ಗೆದ್ದ ಊರುಗಳಲ್ಲಿ ಬಹುಕಾಲ ಉಳಿದವು ಪರರ ಗುತ್ತಿಗೆಗಾಗಿ ಸಿದ್ಧವಾದವಲ್ಲ, ತಮ್ಮ ಅಗತ್ಯಕ್ಕಾಗಿ ವಿದ್ಯೆಯನ್ನು ಕಟ್ಟಿಕೊಂಡವು ಎಂದು ಅದು ತೋರಿಸಿಕೊಡುತ್ತದೆ. ೧೯೦೯ರಲ್ಲಿಯೂ ೧೯೧೭ರಲ್ಲಿಯೂ ಮೈಸೂರು ನಾಡು ಬಿತ್ತಿದುದನ್ನು ೧೯೮೫ರ ನಂತರದ ತಲೆಮಾರು ಕೊಯ್ದಿತು. ಈ ತಲೆಮಾರಿನ ಬಿತ್ತನೆ ಯಾವುದು, ಅದರಲ್ಲಿ ಕನ್ನಡಕ್ಕೆ ಸ್ಥಳವೆಷ್ಟು ಎಂಬುದನ್ನು ನಾಡಿನ ಒಳಗಿನವರೂ ಹೊರಗಿನವರೂ ಕೂಡಿ ವಿಚಾರಿಸಬೇಕಾಗಿದೆ.